ಇಪ್ಪತ್ತಮೂರನೇ ಫಾರ್ಮ್

ಹಳೆಯ ಆಫೀಸ್ ಸಾಫ್ಟ್‌ವೇರಿಗೆ ಒಂದು ಕಾಯಿಲೆ ಇದೆ. ವರ್ಷಗಟ್ಟಲೆ ತೆಪ್ಪಗೆ ಕೆಲಸ ಮಾಡಿಕೊಂಡಿದ್ದುದು ಒಂದು ದಿನ ಪರದೆಯ ನಡುವೆ ಚಿಕ್ಕದೊಂದು ಚೌಕ ತೆರೆದು, ‘ನೀವು ಕೇಳಿದ ಭಾಗ ಇಲ್ಲಿಲ್ಲ, ಅದಿರುವ ಡಿಸ್ಕ್ ಹಾಕಿ ಓಕೆ ಒತ್ತಿ’ ಎನ್ನುತ್ತದೆ. ಡಿಸ್ಕ್ ಎಲ್ಲಿದೆ? ಹತ್ತು ವರ್ಷದ ಹಿಂದೆ ಸಾಫ್ಟ್‌ವೇರ್ ಹಾಕಿಕೊಟ್ಟವನ ಚೀಲದಲ್ಲಿ. ಅವನೆಲ್ಲಿದ್ದಾನೆ? ದೇವರೇ ಬಲ್ಲ. ಕ್ಯಾನ್ಸಲ್ ಒತ್ತಿದರೆ ಚೌಕ ಹೋಗುತ್ತದೆ, ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತದೆ.

ಇದಕ್ಕೆ ಎರಡು ಮದ್ದು. ಒಂದು, ಅದು ಕೇಳುವ ಡಿಸ್ಕನ್ನೇ ಹುಡುಕಿ ಕೊಡುವುದು. ಅದೇ ವರ್ಷದ್ದು, ಅದೇ ಬಗೆಯದು ಆಗಬೇಕು. ಅದರ ತಮ್ಮನನ್ನು ತಂದರೂ ಒಪ್ಪುವುದಿಲ್ಲ. ಎರಡನೆಯದು, ಕೇಳುವುದನ್ನೇ ನಿಲ್ಲಿಸುವುದು. ಆ ಭಾಗವೇ ಬೇಡವೆಂದು ಗುರುತು ಹಾಕಿ, ಪಟ್ಟಿಯಿಂದ ಅದರ ಹೆಸರು ಅಳಿಸಿಬಿಟ್ಟರೆ ಐದು ನಿಮಿಷದಲ್ಲಿ ಎಲ್ಲ ತಣ್ಣಗಾಗುತ್ತದೆ. ಮುಂಬಯಿ ಹತ್ತಿರದ ಕಲ್ಯಾಣ ಸ್ಟೇಷನ್ನಿನ ಪಶ್ಚಿಮಕ್ಕೆ ನನ್ನ ರಿಪೇರಿ ಅಂಗಡಿ. ಇಷ್ಟು ವರ್ಷವೂ ನಾನು ಕೊಟ್ಟದ್ದು ಎರಡನೆಯ ಮದ್ದನ್ನೇ.

ಒಮ್ಮೆ ಮಾತ್ರ ಒಬ್ಬ ಎದುರು ಹೇಳಿದ. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕಾಟಾ ಮೇಲೆ ಲಾರಿ ತೂಗಿಸಿ ಚೀಟಿ ಬರೆಯುವ ಕಲಬುರಗಿಯ ಲಕ್ಷ್ಮೀಕಾಂತ. ನಾನು ಮದ್ದು ಕೊಟ್ಟು ಬಂದ ಮೂರನೇ ದಿನ ಫೋನ್ ಮಾಡಿದ. “ಕೇಳೋದೇನೋ ಬಿಟ್ಟದ ನೋಡ್ರಿ ಸರ್. ಖರೆ ಕೆಲಸನೂ ಬಿಟ್ಟದ.” ತಲೆಹರಟೆ ಎಂದು ಬೈದು ಫೋನ್ ಇಟ್ಟೆ.

ನನ್ನ ಹೆಸರು ವಸಂತಕುಮಾರ. ಊರು ಉಡುಪಿಯ ಕಡೆ, ಮನೆ ಡೊಂಬಿವಲಿ ಪೂರ್ವದಲ್ಲಿ. ಸಿಟ್ಟು ಮೂಗಿನ ತುದಿಯಲ್ಲಿ ಎಂದು ಹೆಂಡತಿ ಜಯಲತಾ ಹೇಳುತ್ತಾಳೆ. ಸುಳ್ಳಲ್ಲ.

2013ರ ಆಟಿ ತಿಂಗಳು, ಅಂದರೆ ನಮ್ಮ ತುಳುವರ ಆಷಾಢ, ಮುಗಿಯಲು ಎಂಟು ದಿನವಿತ್ತು. ಡೊಂಬಿವಲಿಯ ನಮ್ಮ ಸಂಘದ ಕಾರ್ಯದರ್ಶಿ ಮೋಹನದಾಸ ಫೋನ್ ಮಾಡಿದರು. ಸ್ಟೇಷನ್ ಹತ್ತಿರ ಅವರ ಹೋಟೆಲ್ ಇದೆ. ದೋಸೆ ಹುಯ್ಯುವವರ ಮೇಲೆ ಕೂಗುತ್ತಲೇ ಮಾತಾಡುವ ಅಭ್ಯಾಸ.

“ವಸಂತಣ್ಣ, ಸಂಘದ ಕಂಪ್ಯೂಟರ್ ಎಂತದೋ ಡಿಸ್ಕ್ ಕೇಳ್ತಾ ಉಂಟು ಮಾರಾಯ್ರೆ. ಓಕೆ ಒತ್ತಿದ್ರೂ ಕೇಳ್ತದೆ, ಕ್ಯಾನ್ಸಲ್ ಒತ್ತಿದ್ರೂ ಕೇಳ್ತದೆ. ನೀವು ಈಗಲೇ ಬರ್ಬೇಕು.”

ಶನಿವಾರ ಬೆಳಿಗ್ಗೆ ಹೋದೆ. ಸಂಘದ ಕೋಣೆ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಒರಗಿಸಿಟ್ಟ ಎರಡು ಮಣೆ, ಮೂಲೆಯಲ್ಲಿ ಬಟ್ಟೆ ಹೊದಿಸಿದ ಕಂಪ್ಯೂಟರ್. ಮಣೆಗಳನ್ನು ನೋಡಿದ ಕೂಡಲೇ ಏನು ವಿಷಯವೆಂದು ಗೊತ್ತಾಯಿತು, ಸಿಟ್ಟೂ ಬಂತು.

ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮದುವೆಯಾಗದೆ ಸತ್ತವರಿಗೂ ಮದುವೆ ಮಾಡುತ್ತಾರೆ. ಸತ್ತ ಮಗು ಸತ್ತ ವಯಸ್ಸಿನಲ್ಲೇ ನಿಲ್ಲುವುದಿಲ್ಲ, ಕಾಣದ ಹಾಗೆ ಮನೆಯಲ್ಲೇ ಬೆಳೆಯುತ್ತದೆ, ವಯಸ್ಸಿಗೆ ಬಂದಾಗ ಜೊತೆ ಕೇಳುತ್ತದೆ ಎಂಬ ನಂಬಿಕೆ. ಸತ್ತವರ ಜೀವ ಕುಲೆ, ಇದನ್ನು ಕುಲೆ ಮದುವೆ ಎನ್ನುತ್ತೇವೆ. ಆಟಿ ತಿಂಗಳಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಸೀರೆ, ಒಂದರ ಮೇಲೆ ಪಂಚೆ ಇಟ್ಟು, ಕರಿಮಣಿ ಕಟ್ಟಿ, ಧಾರೆ ಎರೆದು, ಎರಡೂ ಕಡೆಯವರು ಕೂತು ಊಟ ಮಾಡುತ್ತಾರೆ. ಹೆಣ್ಣು–ಗಂಡು ಹುಡುಕುವುದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ವಯಸ್ಸು ಹೊಂದಬೇಕು. ತಾಯಿಯ ಕಡೆಯಿಂದ ಬರುವ ಕುಲ, ನಮ್ಮ ಮಾತಿನಲ್ಲಿ ಬರಿ, ಬೇರೆ ಬೇರೆ ಆಗಿರಬೇಕು. ಬದುಕಿದವರ ಮದುವೆಗೇ ಹಾಲ್ ಸಿಗದ ಊರಿನಲ್ಲಿ ಸತ್ತವರಿಗೆ ಮಂಟಪವೇ ಎಂದು ನಾನು ಸಂಘದ ಸಭೆಯಲ್ಲಿ ಎದ್ದು ನಿಂತು ಕೇಳಿದವನು.

“ರಮಾಮಣಿ ಟೀಚರ್ ಇದ್ರಲ್ಲ,” ಮೋಹನದಾಸ ಕುರ್ಚಿ ಎಳೆದುಕೊಂಡು ಹೇಳಿದರು. “ಇದರ ಪಟ್ಟಿ ಅವರ ಹತ್ರ ಇತ್ತು. ಅವರ ಮನೆ ಕಂಪ್ಯೂಟರಿನಲ್ಲಿ. ಯಾರ ಮನೆಯದ್ದು ಯಾರಿಗೂ ಹೇಳ್ತಿರ್ಲಿಲ್ಲ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ರೆ ಇಂಥದ್ದೆಲ್ಲ ಹೊರಗೆ ಗೊತ್ತಾಗ್ಬಾರ್ದು ಅಂತ ಜನ ಹೆದರ್ತಾರೆ ನೋಡಿ.”

ಟೀಚರ್ ಆ ಮೇ ತಿಂಗಳಲ್ಲಿ ತೀರಿಕೊಂಡಿದ್ದರು. ಅವರ ಅಣ್ಣನ ಮಗ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಪಟ್ಟಿಯನ್ನು ಪೆನ್‌ಡ್ರೈವಿಗೆ ಇಳಿಸಿ ಸಂಘಕ್ಕೆ ಕೊಟ್ಟಿದ್ದ. ಅದರ ಜೊತೆ ಟೀಚರ್ ಕೈಬರಹದ ಒಂದು ಚೀಟಿ: ‘ಥಾಣೆಯ ವರ್ತಕ ನಗರದ ಜಲಜಾಕ್ಷಿಯವರ ಮಗ ಸುಜನ್‌ಗೆ ಇಪ್ಪತ್ತಮೂರನೇ ನಂಬರಿನ ಹುಡುಗಿ ಸರಿ. ಬರಿ ಬೇರೆ. ಹುಡುಗಿಯ ಮನೆಯವರಿಗೆ ಇನ್ನೂ ಹೇಳಿಲ್ಲ.’

“ಜಲಜಕ್ಕನಿಗೆ ಮಾತ್ರ ಹೇಳಿದ್ರಂತೆ, ಈ ಆಟಿಗೆ ಖಂಡಿತ ಮಾಡುವ ಅಂತ. ಅವರು ದಿನಾ ಫೋನ್ ಮಾಡ್ತಾರೆ. ಇಪ್ಪತ್ತಮೂರು ಯಾರು, ಎಲ್ಲಿಯವರು? ಫಾರ್ಮ್ ಓಪನ್ ಆದ್ರೆ ತಾನೇ ಗೊತ್ತಾಗುದು?”

ನಾನು ಪಟ್ಟಿ ತೆರೆದೆ. ನಂಬರುಗಳು ಸಾಲಾಗಿ ಬಂದವು. ಇಪ್ಪತ್ತಮೂರರ ಮೇಲೆ ಒತ್ತಿದೆ. ಚೌಕ ಬಂತು. ಡಿಸ್ಕ್ ಹಾಕಿ ಓಕೆ ಒತ್ತಿ.

ಚೀಲದಲ್ಲಿ ಅದೇ ವರ್ಷದ ಮೂರು ಡಿಸ್ಕ್ ಇದ್ದವು. ಒಂದೊಂದಾಗಿ ಹಾಕಿದೆ. ಅಲ್ಲ, ಅಲ್ಲ, ಅಲ್ಲ. ಆಗ ನೆನಪಾಯಿತು. ದೀಪದ ಬುಡದಲ್ಲೇ ಕತ್ತಲೆ! ಈ ಯಂತ್ರಕ್ಕೆ 2004ರಲ್ಲಿ ಸಾಫ್ಟ್‌ವೇರ್ ಹಾಕಿದವನು ನಾನೇ. ದಾನಿಗಳೊಬ್ಬರು ಕೊಂಡುಕೊಟ್ಟ ಡಿಸ್ಕ್. ಸಂಘಕ್ಕೆ ಬೇಕಾದದ್ದು ಆಮಂತ್ರಣ ಪತ್ರಿಕೆ ಟೈಪ್ ಮಾಡುವುದಷ್ಟೇ ಎಂದು ಅಷ್ಟನ್ನೇ ಪೂರ್ತಿ ಇಳಿಸಿ, ಫಾರ್ಮ್ ತೆರೆಯುವ ಭಾಗಕ್ಕೆ ‘ಮೊದಲ ಸಲ ಬೇಕಾದಾಗ’ ಎಂದು ಗುರುತು ಹಾಕಿ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಪಟ್ಟಿಯಲ್ಲಿ ಹೆಸರಿರುತ್ತದೆ, ಒಳಗೆ ಸರಕಿರುವುದಿಲ್ಲ. ಇದನ್ನು ಯಾರು ಮುಟ್ಟುತ್ತಾರೆ ಎಂದುಕೊಂಡಿದ್ದೆ. ಡಿಸ್ಕನ್ನು ಭದ್ರವಾಗಿರಲಿ ಎಂದು ಮನೆಗೆ ಒಯ್ದಿದ್ದೆ. ಆಮೇಲೆ ಅರ್ಧ ಕಳಂಬೋಲಿಗೆ ಅದರಿಂದಲೇ ಇಳಿಸಿಕೊಟ್ಟೆ ಎನ್ನುವುದು ಬೇರೆ ಮಾತು.

ಮೋಹನದಾಸರಿಗೆ ಇದನ್ನು ಹೇಳಲಿಲ್ಲ. “ಇದನ್ನು ಕೇಳದ ಹಾಗೆ ಮಾಡಿಬಿಡ್ತೇನೆ,” ಎಂದೆ. “ಪಟ್ಟಿ ಕೆಟ್ಟಿದೆ ಅಂತ ಹೇಳಿ.”

“ಜಲಜಕ್ಕನಿಗೆ ನಾನು ಯಾವ ಮುಖ ಇಟ್ಕೊಂಡು ಹಾಗೆ ಹೇಳ್ಲಿ? ಒಂಬತ್ತು ವರ್ಷದಿಂದ ಕಾಯ್ತಿದ್ದಾರೆ ವಸಂತಣ್ಣ.” ಅವರ ದನಿ ಇಳಿದಿತ್ತು. “ನೀವು ನಂಬ್ಬೇಡಿ. ಫಾರ್ಮ್ ಮಾತ್ರ ಓಪನ್ ಮಾಡಿ ಕೊಡಿ.”

ನಾಳೆ ಬರುತ್ತೇನೆಂದು ಹೊರಟೆ. ಕಂಪ್ಯೂಟರ್ ಆರಿಸುವಾಗಲೂ ಆ ಚೌಕ ಕೊನೆಯ ಗಳಿಗೆಯ ತನಕ ನಿಂತೇ ಇತ್ತು.

ಮನೆಯಲ್ಲಿ ನಾವು ತುಳು ಮಾತಾಡುತ್ತೇವೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಊಟಕ್ಕೆ ಕೂತಾಗ ಜಯಾ ಪತ್ರೊಡೆ ಬಡಿಸುತ್ತಿದ್ದಳು. ಮಗ ಪೃಥ್ವಿರಾಜ್ ಶನಿವಾರವೂ ಡ್ಯೂಟಿ ಎಂದು ಹೋಗಿದ್ದ. ಸಂಘದ ಆ ಹಳೆಯ ಡಿಸ್ಕ್ ಎಲ್ಲಿದೆ ಎಂದು ಕೇಳಿದೆ.

“ಯಾಕೆ?”

“ಟೀಚರ್ ಪಟ್ಟಿ ತೆರೆಯುವುದಿಲ್ಲವಂತೆ. ಸತ್ತವರ ಮದುವೆ ಪಟ್ಟಿ. ಜನಕ್ಕೆ ಮಾಡಲು ಕೆಲಸವಿಲ್ಲ.”

ಅವಳ ಕೈಯ ಸೌಟು ನಿಂತಿತು. ಆಮೇಲೆ ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು. ಕಪಾಟಿನ ಬಾಗಿಲ ಸದ್ದು ಕೇಳಿಸಿತು. ಒಂದು ನಿಮಿಷವೂ ಆಗಿರಲಿಲ್ಲ, ಡಿಸ್ಕ್ ತಂದು ನನ್ನ ಎಲೆಯ ಪಕ್ಕ ಇಟ್ಟಳು. ಬಿಳಿ ಬಟ್ಟೆಯಲ್ಲಿ ಸುತ್ತಿತ್ತು. ನನ್ನ ಕನ್ನಡಕ ಹುಡುಕಿಕೊಡಲು ಅರ್ಧ ದಿನ ತೆಗೆದುಕೊಳ್ಳುವ ಹೆಂಗಸು.

“ಸರಿಯಾಗುತ್ತದಾ?” ಎಂದು ಕೇಳಿದಳು.

“ಆಗದಿದ್ದರೆ ಆ ಭಾಗವನ್ನೇ ಕಿತ್ತುಹಾಕಿ ಬರುತ್ತೇನೆ. ಕೇಳುವುದಾದರೂ ನಿಲ್ಲುತ್ತದೆ.”

“ಕಿತ್ತುಹಾಕಬೇಡಿ,” ಎಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸದ ವಿಷಯದಲ್ಲಿ ಹೀಗೆ ಹೇಳಿದ್ದು ಅದೇ ಮೊದಲು. “ಸರಿ ಮಾಡಿ.”

ಇಲ್ಲಿ ಒಂದು ಮಾತು ಹೇಳಲೇಬೇಕು. ಪೃಥ್ವಿರಾಜನಿಗಿಂತ ಎರಡು ವರ್ಷ ಚಿಕ್ಕವಳು ಒಬ್ಬಳು ಮಗಳಿದ್ದಳು. ನಿಕಿತಾ. 1991ರ ಜುಲೈ, ಅವಳಿಗೆ ನಾಲ್ಕು ವರ್ಷ. ಬೆಳಿಗ್ಗೆ ಜ್ವರವಿತ್ತು. ಡಾಕ್ಟರ ಹತ್ತಿರ ಹೋಗೋಣವೇ ಎಂದು ಜಯಾ ಕೇಳಿದಳು. ಮಳೆಗಾಲದಲ್ಲಿ ಜ್ವರ ಬರದೆ ಇನ್ನೇನು ಬರುತ್ತದೆ, ಸಂಜೆ ನೋಡೋಣ ಎಂದು ಬೈದು ನಾನು ಕೆಲಸಕ್ಕೆ ಹೋದೆ. ಸಂಜೆ ಬಂದಾಗ ಮಗುವಿಗೆ ನನ್ನ ಗುರುತು ಸಿಗಲಿಲ್ಲ. ಕಲ್ಯಾಣದ ಆಸ್ಪತ್ರೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಹದಿನಾರನೇ ದಿನದ ಕಾರ್ಯದ ಮರುದಿನವೇ ಅವಳ ಫ್ರಾಕುಗಳನ್ನು ಕೊಟ್ಟುಬಿಟ್ಟೆ, ಗೋಡೆಯಿಂದ ಫೋಟೋಗಳನ್ನು ಇಳಿಸಿದೆ. ತಂಗಿ ಎಲ್ಲಿ ಎಂದು ಕೇಳುತ್ತಿದ್ದ ಆರು ವರ್ಷದ ಪೃಥ್ವಿಗೆ ಒಂದು ಪೆಟ್ಟು ಕೊಟ್ಟೆ. ಅವನು ಕೇಳುವುದನ್ನು ನಿಲ್ಲಿಸಿದ. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಇಪ್ಪತ್ತೆರಡು ವರ್ಷ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘಕ್ಕೆ ಹೋದೆ. ಜಲಜಾಕ್ಷಿಯವರು ಥಾಣೆಯಿಂದ ಬರುತ್ತಿದ್ದಾರೆ, ಸ್ಟೇಷನ್ನಿನಿಂದ ಕರೆದುಕೊಂಡು ಚಹಾ ಹಿಡಿದು ಬರುತ್ತೇನೆ ಎಂದು ಮೋಹನದಾಸ ಕೆಳಗಿಳಿದರು. ಯಾರೋ ಆಗಲೇ ಮಣೆಗಳನ್ನು ತೊಳೆದು ಒಣಗಲು ಇಟ್ಟಿದ್ದರು.

ಡಿಸ್ಕ್ ಹಾಕಿ ಓಕೆ ಒತ್ತಿದೆ. ಡ್ರೈವ್ ಗುಂಯ್ ಎಂದು ತಿರುಗಿತು. ಚೌಕ ಹೋಯಿತು, ನೀಲಿ ಪಟ್ಟಿ ಮೆಲ್ಲನೆ ಬಲಕ್ಕೆ ಸರಿಯಿತು. ಮುಗಿದ ಮೇಲೆ ಡಿಸ್ಕಿನಲ್ಲಿದ್ದುದನ್ನೆಲ್ಲ ಯಂತ್ರದೊಳಗೇ ಒಂದು ಕಡೆ ಇಳಿಸಿ, ಇನ್ನು ಮುಂದೆ ಬೇಕಾದರೆ ಇಲ್ಲೇ ನೋಡು ಎಂದು ದಾರಿ ತೋರಿಸಿಟ್ಟೆ. ಮೊದಲನೆಯ ಮದ್ದನ್ನು ಸರಿಯಾಗಿ ಕೊಟ್ಟು ಎಷ್ಟು ಕಾಲವಾಗಿತ್ತೋ.

ಪರೀಕ್ಷೆಗೆಂದು ಬೇರೆ ಎರಡು ಫಾರ್ಮ್ ತೆರೆದೆ. ‘ಕಾರಣ’ ಎಂಬ ಕಡೆ ಒಂದರಲ್ಲಿ ‘ತಮ್ಮನ ಮದುವೆ ಮೂರು ಸಲ ತಪ್ಪಿತು’ ಎಂದಿತ್ತು. ಇನ್ನೊಂದರಲ್ಲಿ ‘ಅಜ್ಜಿಯ ಕನಸಿನಲ್ಲಿ ಬರುತ್ತಾನೆ.’ ನಗು ಬಂತು. ಇಪ್ಪತ್ತಮೂರು ಒತ್ತಿದೆ.

ಹೆಸರು: ನಿಕಿತಾ. ತಾಯಿ: ಜಯಲತಾ. ಬರಿ ಜಯಾಳದ್ದು. ವಿಳಾಸ ನನ್ನ ಮನೆಯದು.

ಎದೆ ಒಡೆದದ್ದು ಹೆಸರು ನೋಡಿ ಅಲ್ಲ, ಕೆಳಗಿದ್ದುದನ್ನು ಓದಿ. ಟೀಚರ್ ಎರಡು ಮೂರು ವರ್ಷಕ್ಕೊಮ್ಮೆ ಆಟಿಯಲ್ಲಿ ಇಸವಿ ಹಾಕಿ ಬರೆದಿಟ್ಟಿದ್ದರು.

‘2003. ಎಸ್.ಎಸ್.ಸಿ. ಪಾಸಾದಳು. ಎತ್ತರ ನಾಲ್ಕು ಅಡಿ ಹನ್ನೊಂದು. ಕನ್ನಡಕ ಇದೆ. ಇನ್ನೂ ಓದುತ್ತಿದ್ದಾಳೆ, ಅವಸರವಿಲ್ಲ ಎಂದರು.

2005. ಹನ್ನೆರಡನೇ ಮುಗಿಯಿತು, ಕಾಮರ್ಸ್. ಮೀನು ಬಿಟ್ಟಿದ್ದಾಳಂತೆ, ಗೆಳತಿಯರು ಹೇಳಿದರೆಂದು. ಉಳಿದುಕೊಳ್ಳುವ ಹಟವಲ್ಲ ಎಂದು ತಾಯಿ ನಕ್ಕರು.

2008. ಬಿ.ಕಾಂ. ಎತ್ತರ ಐದು ಅಡಿ ಒಂದು. ಇನ್ನು ಬೆಳೆಯಲಿಕ್ಕಿಲ್ಲ.

2010. ಮೀನು ತಿನ್ನುತ್ತಾಳೆ. ಸಿಟ್ಟು ಬೇಗ, ತಂದೆಯ ಹಾಗೆ.

2012. ಕಾರಣ ಏನೂ ಇಲ್ಲ ಎಂದರು. ಕನಸಿಲ್ಲ, ಕಾಟವಿಲ್ಲ. ವಯಸ್ಸಾಯಿತು, ಅಷ್ಟೆ.’

ಪ್ರತಿ ಆಟಿಯಲ್ಲಿ ಜಯಾ ಸಂಘದ ಮಹಿಳಾ ಕೂಟಕ್ಕೆಂದು ಹೊಸ ಸೀರೆ ಉಟ್ಟು ಹೋಗುತ್ತಿದ್ದಳು. ದೀಪಾವಳಿಗೆ ಊರಿನ ತಂಗಿಯ ಮಗಳಿಗೆಂದು ಚೂಡಿದಾರ್ ಕೊಂಡು, ಒಂದು ವರ್ಷ ಕಪಾಟಿನಲ್ಲಿಟ್ಟು, ಆಮೇಲೆ ಕೆಲಸದವಳ ಮಗಳಿಗೆ ಕೊಡುತ್ತಿದ್ದಳು. ವರ್ಷ ವರ್ಷ ಅಳತೆ ದೊಡ್ಡದಾಗುತ್ತಿತ್ತು. ದುಂದು ಎಂದು ಬೈಯುತ್ತಿದ್ದೆ. ನಾನು ಅಳಿಸಿಹಾಕಿದೆ ಎಂದುಕೊಂಡ ಮಗಳನ್ನು ನನ್ನದೇ ಮನೆಯಲ್ಲಿ, ನನ್ನ ಕಣ್ಣೆದುರಿಗೇ ಅವಳು ಒಬ್ಬಳೇ ಬೆಳೆಸಿದ್ದಳು. ಆ ಎರಡು ಕೋಣೆಯ ಮನೆಯಲ್ಲಿ ನಾವು ಮೂವರಲ್ಲ, ನಾಲ್ವರಿದ್ದೆವು. ನನಗೊಬ್ಬನಿಗೇ ಗೊತ್ತಿರಲಿಲ್ಲ. ಪೃಥ್ವಿಗೆ ಗೊತ್ತಿತ್ತೇ? ಅದನ್ನು ಯೋಚಿಸಲೂ ಭಯವಾಯಿತು.

ಫಾರ್ಮಿನ ಕೊನೆಯಲ್ಲಿ ಒಂದು ಸಾಲು ಉಳಿದಿತ್ತು. ‘ಒಪ್ಪಿಗೆ: ತಾಯಿ ಒಪ್ಪಿದ್ದಾರೆ. ತಂದೆಯನ್ನು ಕೇಳಲು ಧೈರ್ಯವಿಲ್ಲ ಎಂದು ಅತ್ತರು. ತಂದೆಯ ಒಪ್ಪಿಗೆ ಇಲ್ಲದೆ ನಾನು ಮಾಡಿಸುವುದಿಲ್ಲ ಎಂದು ಹೇಳಿದ್ದೇನೆ.’

ಕಿತ್ತುಹಾಕುವುದು ಐದು ನಿಮಿಷದ ಕೆಲಸ. ಕೈ ಅಭ್ಯಾಸದಂತೆ ಆ ಕಡೆಗೆ ಹೋಯಿತು ಕೂಡ. ಸುಳ್ಳು ಹೇಳುವುದಿಲ್ಲ. ಒಂದು ಗುರುತು ತೆಗೆದರೆ ಇಪ್ಪತ್ತಮೂರನೇ ನಂಬರನ್ನು ಇನ್ಯಾರೂ ಕೇಳುತ್ತಿರಲಿಲ್ಲ. ಮೆಟ್ಟಿಲ ಮೇಲೆ ಮೋಹನದಾಸರ ದನಿ ಕೇಳಿಸಿತು. ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.

ಜಲಜಾಕ್ಷಿಯವರು ಕೊಡೆ ಮಡಚಿ ಬಾಗಿಲ ಹೊರಗಿಟ್ಟು ಒಳಗೆ ಬಂದರು. ಅರವತ್ತರ ಹತ್ತಿರದ, ಸಣಕಲು ಹೆಂಗಸು. ಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಕಾಲೇಜಿನ ಕಾರ್ಡಿಗೆ ತೆಗೆಸಿದ ಫೋಟೋ. ಹತ್ತೊಂಬತ್ತು ವರ್ಷದ ಹುಡುಗ, ಮೀಸೆ ಆಗಷ್ಟೇ ಮೂಡಿದ್ದು. 2004ರಲ್ಲಿ ಕಳವಾ ಸ್ಟೇಷನ್ ದಾಟುವಾಗ ತುಂಬಿದ ಲೋಕಲ್ ಟ್ರೇನಿನ ಬಾಗಿಲಿನಿಂದ ಬಿದ್ದನೆಂದು ಮೋಹನದಾಸ ದಾರಿಯಲ್ಲೇ ಕೇಳಿದ್ದನ್ನು ನನಗೆ ಪಿಸುಗುಟ್ಟಿದರು.

“ಓಪನ್ ಆಯ್ತಾ?” ಜಲಜಾಕ್ಷಿ ಕೇಳಿದರು. “ಹುಡುಗಿ ಯಾವ ಕಡೆಯವರು? ತುಂಬಾ ಕಲ್ತವಳಾದ್ರೆ ನಮ್ಮವನನ್ನು ಒಪ್ತಾಳಾ ಅಂತ ನಂಗೆ ಹೆದರಿಕೆ.”

“ಬಿ.ಕಾಂ.,” ಎಂದೆ. “ಹುಡುಗಿ ನಮ್ಮವಳು. ನಾನು ಅವಳ ಅಪ್ಪ.”

ಮೋಹನದಾಸ ಚಹಾ ಕೆಳಗಿಟ್ಟು ಪರದೆಯ ಕಡೆ ಬಗ್ಗಿದರು. ಪಾಪ, ಅವರಿಗೂ ಗೊತ್ತಿರಲಿಲ್ಲ. ಜಲಜಾಕ್ಷಿಯವರಿಗೆ ಮಾತ್ರ ಯಾವ ಆಶ್ಚರ್ಯವೂ ಆಗಲಿಲ್ಲ. ಹೆಣ್ಣಿನ ಅಪ್ಪ ಇರಬೇಕಾದಲ್ಲಿ ಇದ್ದಾನೆ ಎಂಬಂತೆ ಸೆರಗು ಸರಿಮಾಡಿಕೊಂಡು ನನ್ನೆದುರು ನೆಟ್ಟಗೆ ಕೂತರು.

ಹೆಣ್ಣು ಹೆತ್ತವರು ಇಂಥ ಹೊತ್ತಿನಲ್ಲಿ ಕೇಳುವುದೊಂದೇ ಪ್ರಶ್ನೆ. ಅದನ್ನೇ ಕೇಳಿದೆ.

“ಹುಡುಗ ಎಂತ ಮಾಡ್ತಾನೆ?”

ಅವರ ಕಣ್ಣು ತುಂಬಿತು. ಆದರೆ ಉತ್ತರಕ್ಕೆ ತಡವರಿಸಲಿಲ್ಲ. “ಐರೋಲಿಯಲ್ಲಿ ಎಂಜಿನಿಯರ್. ಬೆಳಿಗ್ಗೆ ಏಳಕ್ಕೆ ಹೊರಡ್ತಾನೆ. ಟ್ರೇನು ಬೇಡ ಅಂತ ಹೇಳಿದ್ದೇನೆ, ಬಸ್ಸಿನಲ್ಲೇ ಹೋಗ್ತಾನೆ. ಎಂತ ಅರ್ಜೆಂಟ್ ಇದ್ರೂ ಬಸ್ಸೇ.”

“ಒಳ್ಳೇದು,” ಎಂದೆ. “ನಮ್ಮವಳಿಗೆ ಸ್ವಲ್ಪ ಸಿಟ್ಟು.”

“ಇರ್ಲಿ. ಅವ ಸಮಾಧಾನದವ.”

ನಾನು ಪರದೆಯ ಕಡೆ ತಿರುಗಿ, ಕೊನೆಯ ಸಾಲಿನಲ್ಲಿ ಟೀಚರ್ ಬರೆದದ್ದರ ಮುಂದೆ ‘ತಂದೆ ಒಪ್ಪಿದ್ದಾರೆ’ ಎಂದು ಟೈಪ್ ಮಾಡಿದೆ. ಮೂವತ್ತು ವರ್ಷ ಕೀಲಿಮಣೆ ಕುಟ್ಟಿದವನಿಗೆ ಅಷ್ಟು ಅಕ್ಷರಕ್ಕೆ ಮೂರು ಸಲ ತಪ್ಪಿತು.

ಆಮೇಲೆ ಬಾಗಿಲ ಹೊರಗೆ, ಆ ನೀರು ಸೋರುತ್ತಿದ್ದ ಕೊಡೆಯ ಪಕ್ಕ ನಿಂತು ಮನೆಗೆ ಫೋನ್ ಮಾಡಿದೆ. ಜಯಾ ಒಂದೇ ರಿಂಗಿಗೆ ಎತ್ತಿದಳು. ಫೋನಿನ ಹತ್ತಿರವೇ ಕೂತಿದ್ದಳು ಎನ್ನುವುದು ಗೊತ್ತಾಯಿತು.

“ತೆರೆಯಿತಾ?” ಎಂದಳು.

ಹೇಳಬೇಕಾದದ್ದು ಬೇಕಾದಷ್ಟಿತ್ತು. ಆ ಬೆಳಿಗ್ಗೆಯ ಜ್ವರದ ವಿಷಯ ಹೇಳಬೇಕಿತ್ತು, ಕ್ಷಮಿಸು ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ.

“ಜಯಾ, ನಮ್ಮ ಬಾಲೆಗೆ ಕನ್ನಡಕ ಬಂದದ್ದು ಯಾವಾಗ?”

ಕೆಳಗೆ ರಸ್ತೆಯಲ್ಲಿ ರಿಕ್ಷಾದವನೊಬ್ಬ ಸ್ಟೇಷನ್, ಸ್ಟೇಷನ್ ಎಂದು ಕೂಗುತ್ತಿದ್ದ.

“ಒಂಬತ್ತನೇ ಕ್ಲಾಸಿನಲ್ಲಿ,” ಎಂದಳು. “ಬೋರ್ಡಿನ ಅಕ್ಷರ ಕಾಣುವುದಿಲ್ಲ ಎಂದಳು. ನಿಮಗೆ ಹೇಳಬೇಡ ಎಂದೂ ಹೇಳಿದ್ದಳು. ನೀವು ಬೈಯುತ್ತೀರಿ ಎಂದು ಹೆದರಿದ್ದಳು.”